ಮಕ್ಕಳ ಕೈ ಎಟುಕುವಷ್ಟು ಗೋಡೆ

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯಿಂದ ತುಸು ಒಳಗೆ, ಕಾಫಿ ತೋಟದ ನಡುವೆ ಒಂದು ಹಳೆಯ ಹೆಂಚಿನ ಮನೆ. ನಾಲ್ಕು ಎಕರೆ ರೊಬಸ್ಟಾ, ನಡುವೆ ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಯಜಮಾನ ತೋಟ ನೋಡಿಕೊಳ್ಳುತ್ತಾನೆ. ಹೆಂಡತಿ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಊರಿಗೆಲ್ಲ ಟೀಚರಮ್ಮ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಮೂರು. ಜೊತೆಗೆ ಎಪ್ಪತ್ತು ದಾಟಿದ ಅಜ್ಜಿ. ಇಷ್ಟೂ ಜನರಿಗೆ ಕೂರಲು, ಓದಲು, ಟೀವಿ ನೋಡಲು, ಬಂದವರಿಗೆ ಕಾಫಿ ಕೊಡಲು ಇರುವುದು ಒಂದೇ ಹಜಾರ.

ಆ ಹಜಾರದ ಗೋಡೆಗೆ ಒಂದು ಕಥೆಯಿದೆ. ನಾಲ್ಕು ವರ್ಷದ ಹಿಂದೆ ಯಜಮಾನನ ತಮ್ಮನ ಮದುವೆ ಗೊತ್ತಾದಾಗ, ಹೆಣ್ಣಿನ ಕಡೆಯವರು ಬರುತ್ತಾರೆ ಎಂದು ಗೋಡೆಗೆಲ್ಲ ಕೆನೆ ಬಣ್ಣದ ಪ್ಲಾಸ್ಟಿಕ್ ಪೇಂಟ್ ಹೊಡೆಸಿದರು. ಮೂವತ್ತೆರಡು ಸಾವಿರ ಖರ್ಚಾಯಿತು. ಗೋಡೆ ಹೊಳೆಯುತ್ತಿತ್ತು, ನಿಜ. ನೆಂಟರು ಬರುವ ಹಿಂದಿನ ದಿನ ಐದು ವರ್ಷದ ಮಗಳು ಆ ಹೊಳೆಯುವ ಗೋಡೆಯ ಮೇಲೆ ಕಪ್ಪು ಬಳಪದಲ್ಲಿ ಒಂದು ಹಕ್ಕಿ ಬರೆದಳು. ಸಣ್ಣ ಹಕ್ಕಿಯಲ್ಲ, ತನ್ನಷ್ಟೇ ಎತ್ತರದ್ದು. ಅಪ್ಪನ ಕೈ ಮುಂದಾಯಿತು. ಒಂದೇ ಏಟು. ಆಮೇಲೆ ಸೋಪು ನೀರಿನಲ್ಲಿ ಉಜ್ಜಿದ್ದಾಯಿತು, ಹೋಗದ ಕಲೆಯ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದಾಯಿತು. ಮದುವೆಯೂ ಚೆನ್ನಾಗಿ ಕಳೆಯಿತು.

ಅವಳು ಮತ್ತೆ ಗೋಡೆ ಮುಟ್ಟಲಿಲ್ಲ. ಅದು ಒಳ್ಳೆಯದೇ ಎಂದುಕೊಂಡರು. ಬಹಳ ದಿನದ ಮೇಲೆ ಟೀಚರಮ್ಮನಿಗೆ ಇನ್ನೊಂದು ಸಂಗತಿ ಹೊಳೆಯಿತು. ಮಗಳು ಕಾಗದದ ಮೇಲೂ ಬರೆಯುತ್ತಿರಲಿಲ್ಲ. ಶಾಲೆಯಲ್ಲಿ ಚಿತ್ರ ಬರೆಯಿರಿ ಎಂದರೆ ಸ್ಕೇಲು ಹಿಡಿದು ಒಂದು ಮನೆ, ಎರಡು ಗುಡ್ಡ, ನಡುವೆ ಸೂರ್ಯ. ಊರಿನ ಮಕ್ಕಳಿಗೆಲ್ಲ ‘ನಿಮಗೆ ತೋಚಿದ್ದನ್ನು ಬರೆಯಿರಿ’ ಎಂದು ಹೇಳುವ ಟೀಚರಮ್ಮನಿಗೆ ತನ್ನ ಮನೆಯ ಹುಡುಗಿ ತೋಚಿದ್ದನ್ನು ಬರೆಯುವುದಿಲ್ಲ ಎನ್ನುವುದು ಒಳಗೇ ಚುಚ್ಚುತ್ತಿತ್ತು.

ಇತ್ತ ಆ ಗೋಡೆಯಾದರೂ ಉಳಿಯಿತೇ ಎಂದರೆ ಅದೂ ಇಲ್ಲ. ಮಲೆನಾಡಿನ ಮಳೆ ಕಂಡವರಿಗೆ ವಿವರಿಸಬೇಕಾಗಿಲ್ಲ. ಜೂನ್‌ನಲ್ಲಿ ಹಿಡಿದದ್ದು ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಎರಡು ಮಳೆಗಾಲ ತಡೆದ ಬಣ್ಣ ಮೂರನೆಯದಕ್ಕೆ ಗುಳ್ಳೆ ಗುಳ್ಳೆಯಾಗಿ ಎದ್ದಿತು. ನೆಲದಿಂದ ಎರಡಡಿ ಎತ್ತರದವರೆಗೆ ಹಪ್ಪಳದಂತೆ ಕಿತ್ತು ಬಂತು. ಅದರ ಹಿಂದೆ ಕರಿ ಬೂಷ್ಟು. ಹಜಾರಕ್ಕೆ ಕಾಲಿಟ್ಟರೆ ಮುಗ್ಗಲು ವಾಸನೆ, ಮಗನಿಗೆ ಬಿಡದ ಕೆಮ್ಮು.

ಈ ಸಲ ಮೆಣಸು ಮಾರಿದ ಹಣದಲ್ಲಿ ಹಜಾರಕ್ಕೆಂದು ಹದಿನೈದು ಸಾವಿರ ತೆಗೆದಿಟ್ಟರು. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ ಎಂದು ಟೀಚರಮ್ಮ ಮೊದಲೇ ಹೇಳಿಬಿಟ್ಟಳು. ಯಜಮಾನ ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದ. ಬಿಳಿ ಸೋಫಾ, ಗಾಜಿನ ಟೀಪಾಯಿ, ಒಂದು ಕೂದಲೂ ಬೀಳದ ನೆಲ.

‘ಈ ಮನೆಯಲ್ಲಿ ಮಕ್ಕಳಿಲ್ವಾ ರೀ?’ ಎಂದಳು ಟೀಚರಮ್ಮ.

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಜ್ಜಿ ಮಗನ ಕಡೆ ತಿರುಗಿದರು. ‘ಅಲ್ಲ ಮಾರಾಯ, ಮಣ್ಣಿನ ಗೋಡೆಗೆ ರೈನ್‌ಕೋಟ್ ಹಾಕಿದ್ರೆ ಒಳಗಿನ ಬೆವರು ಹೋಗೋದೆಲ್ಲಿಗೆ? ಸುಣ್ಣ ಹೊಡಿ ಸಾಕು.’

ತಮಾಷೆಯ ಮಾತಿನಂತಿದ್ದರೂ ಅದರಲ್ಲಿ ವಿಜ್ಞಾನವಿತ್ತು. ಆ ಮನೆಯದು ಮಣ್ಣಿನ ಇಟ್ಟಿಗೆಯ ಗೋಡೆ, ಮೇಲೆ ಸುಣ್ಣದ ಗಾರೆ. ಮಳೆಗಾಲದಲ್ಲಿ ನೆಲದ ತೇವವನ್ನು ಅದು ಹೀರಿಕೊಳ್ಳುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಪ್ಲಾಸ್ಟಿಕ್ ಬಣ್ಣದ ಪದರ ಆ ದಾರಿಯನ್ನು ಮುಚ್ಚುತ್ತದೆ. ಹೊರಬರಲಾರದ ನೀರು ಬಣ್ಣವನ್ನೇ ಎತ್ತಿ ಬಿಸಾಡುತ್ತದೆ. ಸುಣ್ಣ ಹಾಗಲ್ಲ. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ ತಾನೇ ಕಲ್ಲಿನಂತೆ ಗಟ್ಟಿಯಾಗುತ್ತದೆ, ಆದರೂ ಗೋಡೆಯನ್ನು ಉಸಿರಾಡಲು ಬಿಡುತ್ತದೆ. ಅದರ ಕ್ಷಾರಗುಣ ಬೂಷ್ಟಿಗೆ ಒಗ್ಗುವುದಿಲ್ಲ. ಸಿಮೆಂಟಿನ ಹೊಸ ಮನೆಯ ಲೆಕ್ಕ ಬೇರೆ ಇರಬಹುದು. ಹಳೆಯ ಮಣ್ಣಿನ ಗೋಡೆಗೆ ಅಗ್ಗದ್ದೇ ಯೋಗ್ಯವಾದದ್ದು.

ರೊಬಸ್ಟಾ ಕೊಯ್ಲು ಮುಗಿದು, ಕಣ ಖಾಲಿಯಾಗಿ, ಶಾಲೆಗೆ ಬೇಸಿಗೆ ರಜೆ ಬಂದ ಮೇಲೆ ಕೆಲಸ ಶುರುವಾಯಿತು. ಮೊದಲ ವಾರ ಬ್ರಷ್ ಮುಟ್ಟಲೇ ಇಲ್ಲ. ನೀರು ಎಲ್ಲಿಂದ ಬರುತ್ತದೆ ಎಂದು ಹುಡುಕಿದರು. ಮಾಡಿನ ಒಡೆದ ಹೆಂಚುಗಳನ್ನು ಬದಲಾಯಿಸಿದರು. ಹಿಂದಿನ ಗೋಡೆಗೆ ತಾಗಿಕೊಂಡೇ ಹರಿಯುತ್ತಿದ್ದ ಚರಂಡಿಯನ್ನು ಯಜಮಾನ ಗುದ್ದಲಿ ಹಿಡಿದು ಮೂರಡಿ ಆಚೆ ಸರಿಸಿದ. ಗೋಡೆಗೆ ಬಣ್ಣ ಹೊಡೆಯುವ ಮುಂಚೆ ಚರಂಡಿ ಸರಿಮಾಡಬೇಕು ಎನ್ನುವುದನ್ನು ನಾಲ್ಕು ವರ್ಷದ ಹಿಂದೆ ಯಾರೂ ಯೋಚಿಸಿರಲಿಲ್ಲ. ಹೆಂಚು ಹತ್ತಿದಾಗಲೇ ಎರಡು ಗಾಜಿನ ಹೆಂಚನ್ನೂ ಕೂರಿಸಿದರು. ಮಧ್ಯಾಹ್ನಕ್ಕೂ ದೀಪ ಬೇಡುತ್ತಿದ್ದ ಹಜಾರದ ಒಂದು ಮೂಲೆಗೆ ಬೆಳಕು ಬಿತ್ತು.

ಆಮೇಲೆ ಕಿಟಕಿಗಳ ಸರದಿ. ಕಿಟಕಿಯ ಹಸಿರು ಬಣ್ಣ ಯಜಮಾನ ಹುಡುಗನಾಗಿದ್ದಾಗ ಬಳಿದದ್ದು, ಈಗ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಆ ಚಕ್ಕೆಗಳನ್ನು ಕಿತ್ತು ಬಾಯಿಗಿಡುವುದು ಮೂರು ವರ್ಷದವನ ಆಟ. ಮನೆಯವರು ಇದನ್ನು ತುಂಟತನ ಎಂದುಕೊಂಡಿದ್ದರು. ಟೀಚರಮ್ಮ ಮಾತ್ರ ಹೆದರಿದಳು. ಹಳೆಯ ಎಣ್ಣೆ ಬಣ್ಣಗಳಲ್ಲಿ ಹೊಳಪಿಗೆ, ಬೇಗ ಒಣಗಲಿಕ್ಕೆ ಸೀಸದ ಸಂಯುಕ್ತಗಳನ್ನು ಸೇರಿಸುತ್ತಿದ್ದರು ಎಂದು ಆಕೆ ಓದಿದ್ದಳು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು. ಕಲಿಕೆ, ನೆನಪು, ಗಮನ ಎಲ್ಲಕ್ಕೂ ಪೆಟ್ಟು. ಇಷ್ಟರವರೆಗೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರಂಥವರು ವರ್ಷಗಟ್ಟಲೆ ಇದನ್ನೇ ಹೇಳುತ್ತ ಬಂದವರು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು ಎಂಬ ನಿಯಮ 2016ರಲ್ಲಿ ಹೊರಟಿತು, 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅದಕ್ಕೂ ಬಹಳ ಹಿಂದಿನ ಕಿಟಕಿಯ ಬಣ್ಣದಲ್ಲಿ ಏನಿದೆಯೋ ಯಾರು ಬಲ್ಲರು?

ಆದ್ದರಿಂದ ಮಕ್ಕಳಿಬ್ಬರನ್ನೂ ಒಂದು ವಾರ ಕಳಸದ ತವರಿಗೆ ಕಳಿಸಿದಳು. ಒಣ ಬಣ್ಣ ಉಜ್ಜಿದರೆ ಪುಡಿ ಮನೆಯೆಲ್ಲ ಹರಡುತ್ತದೆ ಎಂದು ಕಿಟಕಿಗಳನ್ನು ನೀರು ಹಾಕಿ ಒದ್ದೆ ಮಾಡಿಯೇ ಉಜ್ಜಿಸಿದಳು. ಉಜ್ಜುವವರ ಮೂಗು ಬಾಯಿಗೆ ಬಟ್ಟೆ, ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ. ಚಕ್ಕೆಗಳನ್ನು ಪೊಟ್ಟಣ ಕಟ್ಟಿದರೇ ಹೊರತು ಒಲೆಗೆ ಹಾಕಲಿಲ್ಲ. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿದರು. ಹೊಸ ಬಣ್ಣ ತರುವಾಗ ಡಬ್ಬಿಯ ಮೇಲೆ ಸೀಸದ ಬಗ್ಗೆ ಏನು ಬರೆದಿದೆ ಎಂದು ಆಕೆ ಓದುತ್ತ ನಿಂತದ್ದು ಕಂಡು ಅಂಗಡಿಯಾತ ನಕ್ಕ. ನಗಲಿ ಬಿಡಿ. ಮಗನನ್ನು ಡಾಕ್ಟರಿಗೂ ತೋರಿಸಿ, ರಕ್ತದ ಪರೀಕ್ಷೆಯಾಗಿ ಗಾಬರಿಪಡುವಂಥದ್ದು ಏನಿಲ್ಲ ಎಂದ ಮೇಲೆಯೇ ಆಕೆಗೆ ನಿದ್ದೆ ಬಂದದ್ದು.

ಸುಣ್ಣ ಹೊಡೆದದ್ದೂ ಮಕ್ಕಳು ಬರುವ ಮುಂಚೆಯೇ. ಡ್ರಮ್ಮಿನಲ್ಲಿ ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಕುದಿಯುವ ಪರಿ ನೋಡಲು ಚೆಂದ, ಆದರೆ ಒಂದು ಹನಿ ಕಣ್ಣಿಗೆ ಸಿಡಿದರೆ ಕಣ್ಣಿಗೇ ಅಪಾಯ. ತಣಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಗೋಂದು ಸೇರಿಸಿ, ಒದ್ದೆ ಮಾಡಿದ ಗೋಡೆಗೆ ತೆಳ್ಳಗೆ ಮೂರು ಸಲ ಬಳಿದರು. ಹಸಿಯಿದ್ದಾಗ ಏನೂ ಬಳಿದಂತೆ ಕಾಣುವುದಿಲ್ಲ. ಯಜಮಾನ ‘ದುಡ್ಡು ದಂಡ’ ಎಂದು ಗೊಣಗುತ್ತ ಮಲಗಿದ. ಬೆಳಗ್ಗೆ ಎದ್ದು ನೋಡಿದರೆ ಹಜಾರ ಮಲ್ಲಿಗೆಯಂತೆ ಬೆಳ್ಳಗಾಗಿತ್ತು.

‘ಕೆಳಗಡೆ ಬಿಡು. ಅಲ್ಲಿಗೆ ಕೆಮ್ಮಣ್ಣು’ ಎಂದರು ಅಜ್ಜಿ.

‘ಎಲ್ಲಿವರೆಗೆ ಅವ್ವ?’

‘ಮಕ್ಕಳ ಕೈ ಎಲ್ಲಿವರೆಗೆ ಎಟುಕ್ತದೋ ಅಲ್ಲಿವರೆಗೆ.’

ಅಜ್ಜಿಯ ಕಾಲದ ಮನೆಗಳಲ್ಲಿ ಗೋಡೆಯ ಕೆಳಭಾಗಕ್ಕೆ ಹೀಗೆ ಕೆಂಪು ಪಟ್ಟಿ ಬಳಿಯುತ್ತಿದ್ದರು. ಕೆಸರು ಸಿಡಿಯುವುದು, ಬೆನ್ನು ಒರಗುವುದು, ಮಕ್ಕಳ ಕೈ ತಾಗುವುದು ಎಲ್ಲವೂ ಅಲ್ಲಿಯೇ ತಾನೆ? ಹಬ್ಬಕ್ಕೊಮ್ಮೆ ಮತ್ತೆ ಬಳಿದರೆ ಹೊಸದು. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುವುದೂ ಇಂಥ ಕೆಮ್ಮಣ್ಣಿನ ಗೋಡೆಯ ಮೇಲೆಯೇ. ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಮನೆಯ ಗೋಡೆಯ ಮೇಲೆ ಬರೆಯುವುದು ಅಲ್ಲಿ ತಪ್ಪಲ್ಲ, ಮದುವೆ ಮನೆಯ ಸಂಭ್ರಮ.

ತೋಟದ ದಿಣ್ಣೆಯಿಂದ ಕೆಮ್ಮಣ್ಣು ತಂದು, ಜರಡಿ ಹಿಡಿದು, ಸುಣ್ಣದ ತಿಳಿನೀರು, ಗೋಂದು ಬೆರೆಸಿ ನಾಲ್ಕಡಿ ಎತ್ತರಕ್ಕೆ ಬಳಿದರು. ಇದಕ್ಕೆ ಖರ್ಚು ಸೊನ್ನೆ.

ಉಳಿದದ್ದು ಸಾಮಾನು ಸರಂಜಾಮು. ಕಾಫಿ ಗಿಡದ ಬುಡದ ಮೇಲೆ ಗಾಜು ಕೂರಿಸಿದ ಟೀಪಾಯಿ ಆ ಸೀಮೆಯ ಮನೆಮನೆಯ ಹೆಮ್ಮೆ. ಮೂರು ವರ್ಷದವನು ಓಡಾಡುವ ಜಾಗದಲ್ಲಿ ಆ ಗಾಜು ಬೇಡವೆಂದು ತೆಗೆದು ಅಟ್ಟಕ್ಕೇರಿಸಿದರು. ಹಿಂದಿನ ಮಳೆಗಾಲದಲ್ಲಿ ಬಿದ್ದಿದ್ದ ಸಿಲ್ವರ್ ಓಕ್ ಮರವನ್ನು ಕೊಯ್ಯಿಸಿಟ್ಟಿದ್ದ ಹಲಗೆಗಳಿದ್ದವು. ಆಚಾರಿ ಮೂರು ದಿನ ಕೂತು, ಟೀಪಾಯಿಗೆ ಮೂಲೆ ದುಂಡಗಿರುವ ಹಲಗೆ, ಗಾಜಿನ ಹೆಂಚಿನ ಬೆಳಕು ಬೀಳುವ ಮೂಲೆಗೆ ಒಂದು ತಗ್ಗು ಮೇಜು, ಪುಸ್ತಕಕ್ಕೆ ಎರಡು ಅಂಕಣದ ಗೂಡು ಮಾಡಿಕೊಟ್ಟ. ಟೀವಿಯ ಕಪಾಟನ್ನು ಕಬ್ಬಿಣದ ಪಟ್ಟಿ ಹಾಕಿ ಗೋಡೆಗೆ ಬಿಗಿದ. ಮಗು ಹಿಡಿದು ಹತ್ತಲು ನೋಡಿದರೆ ಮೈಮೇಲೆ ಬೀಳಬಾರದಲ್ಲ! ಹಳೆಯ ಸೋಫಾ ಹಾಗೇ ಉಳಿಯಿತು, ಹರಿದ ಹೊದಿಕೆಯ ಮೇಲೆ ಮಾತ್ರ ಹೊಸ ಬಟ್ಟೆ. ತೊಳೆದ ಕಾಫಿ ಗೋಣಿಗಳಿಗೆ ಹಳೆ ಸೀರೆ ತುಂಬಿ ಅಜ್ಜಿ ನಾಲ್ಕು ದಿಂಬು ಹೊಲಿದರು. ಕಳಸದಿಂದ ಮಕ್ಕಳ ಜೊತೆ ಒಂದು ದೊಡ್ಡ ಮುಂಡುಗದ ಚಾಪೆಯೂ ಬಂತು.

ಟೀಚರಮ್ಮನ ನೋಟ್‌ಬುಕ್ಕಿನಲ್ಲಿ ಲೆಕ್ಕ ಹೀಗಿದೆ: ಹೆಂಚು, ಗಾಜಿನ ಹೆಂಚು 1,100. ಸುಣ್ಣ, ಗೋಂದು, ಬ್ರಷ್ 1,400. ಕಿಟಕಿ ಬಾಗಿಲಿನ ಬಣ್ಣ 2,600. ಆಳಿನ ಕೂಲಿ ಎರಡು ದಿನಕ್ಕೆ 1,200. ಆಚಾರಿಗೆ 3,600. ಮೊಳೆ, ಕಬ್ಬಿಣದ ಪಟ್ಟಿ, ಓದುವ ದೀಪ 1,100. ಪರದೆ, ಸೋಫಾ ಬಟ್ಟೆ 1,900. ಚಾಪೆ 900. ಒಟ್ಟು 13,800. ಉಳಿದ 1,200 ರೂಪಾಯಿಗೆ ಗೂಡಿನಲ್ಲಿಡಲು ಪುಸ್ತಕ ತಂದರು. ಮೂಡಿಗೆರೆಯಲ್ಲೇ ತೋಟ ಮಾಡಿಕೊಂಡಿದ್ದು 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಅದರಲ್ಲಿ ಒಂದು.

ಮಕ್ಕಳು ಕಳಸದಿಂದ ಬಂದ ದಿನ ಟೀಚರಮ್ಮ ಶಾಲೆಯ ಸೀಮೆಸುಣ್ಣದ ಡಬ್ಬಿಯಂಥದ್ದೇ ಒಂದನ್ನು ಮೇಜಿನ ಮೇಲಿಟ್ಟಳು. ಮಗನಿಗೆ ವಿವರಣೆ ಬೇಕಾಗಲಿಲ್ಲ. ಐದು ನಿಮಿಷದಲ್ಲಿ ಕೆಂಪು ಪಟ್ಟಿಯ ಉದ್ದಕ್ಕೂ ಒಂದು ರೈಲು ಓಡಿತು. ಮಗಳು ಮಾತ್ರ ಗೋಡೆ ನೋಡಿದಳು, ಅಪ್ಪನ ಮುಖ ನೋಡಿದಳು, ಪುಸ್ತಕ ತೆಗೆದುಕೊಂಡು ಚಾಪೆಯ ಮೇಲೆ ಕೂತಳು. ಒಂದು ದಿನವಲ್ಲ, ಹದಿನೈದು ದಿನ ಹಾಗೆಯೇ.

ಮಳೆ ಹಿಡಿದ ಜೂನ್ ತಿಂಗಳ ಒಂದು ಸಂಜೆ ಕರೆಂಟ್ ಹೋಗಿತ್ತು. ತೋಟದಿಂದ ಬಂದ ಯಜಮಾನ ಕಂಬಳಿಕೊಪ್ಪೆ ಬಿಚ್ಚಿ, ಕೈಕಾಲು ತೊಳೆದು, ಲಾಟೀನು ಹಿಡಿದುಕೊಂಡು ಬಂದು ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಸೀಮೆಸುಣ್ಣ ಹಿಡಿದು ಏನೋ ಗೀಚಿದ. ಉದ್ದ ಕೊಕ್ಕು, ದಪ್ಪ ಹೊಟ್ಟೆ, ಎರಡು ಕಡ್ಡಿ ಕಾಲು.

‘ಇದೆಂತದು ಅಪ್ಪ?’

‘ಹಕ್ಕಿ. ಅವತ್ತು ನೀನು ಬರೆದಿದ್ಯಲ್ಲ, ಅದು. ನಂಗೆ ಬರಲ್ಲ ಪುಟ್ಟಿ. ಅವತ್ತು ಹೊಡೀಬಾರದಿತ್ತು.’

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಬಂದು ಅಪ್ಪನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು. ‘ಹಕ್ಕಿ ಕಾಲು ಹಿಂಗಿರಲ್ಲಪ್ಪ’ ಎಂದು ಕಾಲನ್ನು ಅಂಗೈಯಿಂದ ಒರೆಸಿ, ಬೇರೆ ಬರೆಯತೊಡಗಿದಳು.

ಶ್ರಾವಣದಲ್ಲಿ ಚಿಕ್ಕಮಗಳೂರಿನಿಂದ ನೆಂಟರು ಬಂದರು. ಮೇಲಿನ ಬಿಳಿ ಗೋಡೆಯಲ್ಲಿ ಒಂದು ಗುಳ್ಳೆ ಎದ್ದಿರಲಿಲ್ಲ. ಕೆಳಗಿನ ಕೆಂಪು ಪಟ್ಟಿಯಲ್ಲಿ ಮಾತ್ರ ರೈಲು, ಹಕ್ಕಿ, ಜಿಗಣೆ, ಅಜ್ಜಿಯ ಎಲೆ ಅಡಿಕೆ ಚೀಲ ಎಲ್ಲವೂ ಇದ್ದವು. ‘ಮಕ್ಕಳು ಗೋಡೆಯೆಲ್ಲ ಗೀಚಿದ್ದಾರಲ್ಲ’ ಎಂದರು ಬಂದವರಲ್ಲಿ ಒಬ್ಬರು.

‘ಅದು ಅವರ ಜಾಗ. ದೀಪಾವಳಿಗೆ ಮತ್ತೆ ಕೆಮ್ಮಣ್ಣು ಬಳೀತೀವಿ’ ಎಂದು ಯಜಮಾನ ಕಾಫಿ ಲೋಟ ಮುಂದಿಟ್ಟ.