ಜಂಕ್ಷನ್ನಿನ ಬಾಣಲೆಗೆ ಸಿಗಡಿ

ಧಾರವಾಡದ ಎರೆಹೊಲಗಳು ಹಿಂದೆ ಸರಿದು ಭತ್ತದ ಗದ್ದೆಗಳು, ಕಾಡಿನ ಅಂಚು ಕಾಣಿಸಿಕೊಳ್ಳುವ ಕಡೆ ಅಳ್ನಾವರ ಇದೆ. ಹುಬ್ಬಳ್ಳಿಯಿಂದ ಲೋಂಡಾ ಕಡೆಗೆ ಹೋಗುವ ರೈಲುಹಳಿ ಇಲ್ಲಿ ಕವಲೊಡೆದು ದಾಂಡೇಲಿಗೊಂದು ದಾರಿ ಬಿಡುತ್ತದೆ. ಮುಖ್ಯ ಹಳಿ ತಿನೈಘಾಟ್, ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಪಕ್ಕದಲ್ಲೇ ಘಟ್ಟ ಇಳಿದು ಗೋವೆಯ ಕಡಲು ಸೇರುತ್ತದೆ. ಇತ್ತ ಹಳಿಯಾಳದ ಮೇಲಿಂದ ಕಾರವಾರಕ್ಕೂ ರಸ್ತೆಯಿದೆ. ಕಡಲಿಗೆ ಎರಡು ಬಾಗಿಲು ತೆರೆದುಕೊಂಡ ಊರು ಇದು. ಆದರೆ ಈ ಸೀಮೆಯ ಸಣ್ಣ ಊರುಗಳಲ್ಲಿ ಸಂಜೆಯಾದರೆ ಚಹಾದಂಗಡಿಯ ಮಗ್ಗುಲಿಗೆ ಬಂದು ನಿಲ್ಲುವ ನೂಡಲ್ಸ್ ಗಾಡಿಯ ಬಾಣಲೆಯಲ್ಲಿ ಸಾಮಾನ್ಯವಾಗಿ ಸಿಗುವುದು ಕ್ಯಾಬೇಜು, ಉಳ್ಳಾಗಡ್ಡಿ, ಹೆಚ್ಚೆಂದರೆ ತತ್ತಿ ಇಲ್ಲವೇ ಕೋಳಿ. ಕಡಲಿನದು ಅಂತ ಏನೂ ಇರುವುದಿಲ್ಲ. ಅಳ್ನಾವರದಂಥ ಜಂಕ್ಷನ್ ಊರಿನ ಹುರಿದ ನೂಡಲ್ಸಿಗೆ ಸಿಗಡಿ ಬೀಳಬೇಕು, ಬಿದ್ದರೆ ಈಗಿನದಕ್ಕಿಂತ ರುಚಿಯಾದ, ಈಗಿನದಕ್ಕಿಂತ ಪ್ರಾಮಾಣಿಕವಾದ ತಿನಿಸು ನಮ್ಮದಾಗುತ್ತದೆ ಎಂಬುದು ನನ್ನ ವಾದ.

ಇದು ನಮ್ಮ ಊಟವೇ ಅಲ್ಲ ಎಂಬ ಮಾತು ಮೊದಲು ಬರುತ್ತದೆ. ನಮ್ಮದು ಎಂದುಕೊಂಡಿರುವುದರ ಜಾತಕ ತೆಗೆದು ನೋಡೋಣ. ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರು ಅಮೆರಿಕ ಖಂಡದವರು, ಪೋರ್ತುಗೀಸರ ಹಡಗಿನಲ್ಲಿ ಬಂದವರು. ಬಟಾಟೆಯ ಕತೆಯೂ ಅದೇ. ಗಿರಮಿಟ್ಟಿನ ಜೊತೆ ಕುಡಿಯುವ ಚಹಾ ಈ ಸೀಮೆಯ ಮನೆಮನೆಗೆ ಹೊಕ್ಕಿದ್ದು ಕಳೆದ ಶತಮಾನದಲ್ಲಿ. ನೂಡಲ್ಸೂ ನಿನ್ನೆ ಮೊನ್ನೆ ಬಂದದ್ದಲ್ಲ. ಕಲಘಟಗಿಯಿಂದ ಆಚೆಗೆ, ಮುಂಡಗೋಡದಲ್ಲಿ, 1966ರಿಂದ ಟಿಬೆಟಿನ ನಿರಾಶ್ರಿತರ ವಸಾಹತು ಇದೆ. ಅಲ್ಲಿನ ಅಡುಗೆಮನೆಗಳಲ್ಲಿ ತುಕ್ಪಾ ಎಂಬ ನೂಡಲ್ಸಿನ ಸಾರು, ಹುರಿದ ನೂಡಲ್ಸು ದಿನದ ಊಟ. 1983ರಲ್ಲಿ ಮ್ಯಾಗಿ ಬಂದು ಪುಟ್ಟ ಊರಿನ ಕಿರಾಣಿ ಅಂಗಡಿಗೂ ತಲುಪಿತು. ಇದೆಲ್ಲಕ್ಕೂ ಮೊದಲೇ ನಮ್ಮ ಹೆಣ್ಣುಮಕ್ಕಳು ಬ್ಯಾಸಗಿಯಲ್ಲಿ ಗೋದಿಹಿಟ್ಟು ನಾದಿ, ಎಳೆ ಎಳೆಯಾಗಿ ಶ್ಯಾವಿಗೆ ಹೊಸೆದು ಬಿಸಿಲಿಗೆ ಒಣಹಾಕುತ್ತಿದ್ದರು. ಹಿಟ್ಟನ್ನು ಎಳೆಯಾಗಿಸಿ ತಿನ್ನುವ ಬುದ್ಧಿ ಚೀನದಿಂದ ಸಾಲ ತರಬೇಕಾದದ್ದೇನಲ್ಲ. ಸಾಲ ತಂದದ್ದು ಉರಿಯ ಮೇಲೆ ಅದನ್ನು ಹುರಿಯುವ ಬಗೆಯನ್ನು ಮಾತ್ರ.

ಆ ಬಗೆಯನ್ನೇ ನಾವು ಅರ್ಧ ಕಲಿತು ಬಿಟ್ಟಿದ್ದೇವೆ. ಸಿಂಗಪುರದ ಓಣಿಯ ಕಾಫಿ ಅಂಗಡಿಗಳಲ್ಲಿ ಹೊಕ್ಕಿಯೆನ್ ಮೀ ಎಂಬ ತಿನಿಸು ಸಿಗುತ್ತದೆ. ಚೀನದ ಫೂಜಿಯನ್ ಪ್ರಾಂತದಿಂದ ವಲಸೆ ಹೋದ ದುಡಿಯುವ ಜನರ ಅಡುಗೆ ಅದು. ಹಳದಿ ಗೋದಿ ನೂಡಲ್ಸನ್ನೂ ಬಿಳಿ ಅಕ್ಕಿ ಶ್ಯಾವಿಗೆಯನ್ನೂ ಕೂಡಿಸಿ, ತತ್ತಿ ಒಡೆದು, ಸಿಗಡಿ ಮತ್ತು ಬೊಂಡಾಸ್ (ಸ್ಕ್ವಿಡ್) ಹಾಕಿ ಹುರಿಯುತ್ತಾರೆ. ಆದರೆ ಅದರ ಜೀವ ಮೇಲೆ ಕಾಣುವ ಸಿಗಡಿಯಲ್ಲಿಲ್ಲ, ಒಳಗೆ ಇಂಗಿದ ಸಾರಿನಲ್ಲಿದೆ. ಸಿಗಡಿಯ ತಲೆ, ಸಿಪ್ಪೆಗಳನ್ನು ಹುರಿದು, ಹಂದಿ ಎಲುಬಿನ ಜೊತೆ ಹೊತ್ತುಗಟ್ಟಲೆ ಕುದಿಸಿದ ಸಾರನ್ನು ಬಿಸಿ ಬಾಣಲೆಗೆ ಸುರಿದು, ನೂಡಲ್ಸು ಅದನ್ನು ಹೀರಿಕೊಳ್ಳುವವರೆಗೆ ಕಾಯುತ್ತಾರೆ. ಒಣ ನೆಲ ಮೊದಲ ಮಳೆ ಕುಡಿದ ಹಾಗೆ ಎಳೆಗಳು ಸಾರು ಕುಡಿಯುತ್ತವೆ. ತಿನ್ನುವಾಗ ಪಕ್ಕದಲ್ಲಿ ಖಾರದ ಸಾಂಬಾಲ್, ಹಿಂಡಿಕೊಳ್ಳಲು ಸಣ್ಣ ಲಿಂಬಿಕಾಯಿ. ನಮ್ಮ ಗಾಡಿಗಳಲ್ಲಿ ಸಾರು ಇಲ್ಲ. ಅದರ ಜಾಗವನ್ನು ಸಾಸಿನ ಬಾಟ್ಲಿ ಮತ್ತು ಅಜಿನೊಮೊಟೊ ಪುಡಿ ತುಂಬುತ್ತವೆ. 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನೆ ಇಕೆಡಾ ಕಡಲಕಳೆಯ ಸಾರಿನಿಂದಲೇ ಆ ಪುಡಿಯ ರುಚಿಯ ಮೂಲವನ್ನು ಬೇರ್ಪಡಿಸಿದ. ಸಾರಿನಲ್ಲಿ ತಾನಾಗಿ ಇದ್ದದ್ದೇ ಪುಡಿಯಾಗಿ ಪೊಟ್ಟಣ ಸೇರಿತು. ಅದೇ ರುಚಿ ಒಣಸಿಗಡಿಯಲ್ಲಿ ತುಂಬಿ ತುಳುಕುತ್ತದೆ. ಒಂದು ಮುಷ್ಟಿ ಒಣಸಿಗಡಿಯನ್ನು ಚೆನ್ನಾಗಿ ತೊಳೆದು, ಹುರಿದು, ಬೆಳ್ಳುಳ್ಳಿಯ ಜೊತೆ ಕುದಿಸಿದರೆ ಪೊಟ್ಟಣದ ಹಂಗು ತಪ್ಪುತ್ತದೆ. ಹಂದಿ ಎಲುಬೂ ಇಲ್ಲಿ ಬೇಕಿಲ್ಲ. ಗೋದಿಯ ಎಳೆ ಬಯಲಿನದು, ಅಕ್ಕಿಯ ಎಳೆ ಅಳ್ನಾವರದ ಗದ್ದೆಯದು, ಸಾರು ಕರಾವಳಿಯದು. ಮೂರೂ ಕೂಡುವ ಜಾಗ ಇದಕ್ಕಿಂತ ಚಲೋ ಎಲ್ಲಿ ಸಿಕ್ಕೀತು?

ತಾಜಾ ಮೀನು ಘಟ್ಟ ಹತ್ತುವಷ್ಟರಲ್ಲಿ ಕೆಡುತ್ತದೆ, ಬೆಲೆಯೂ ಏರುತ್ತದೆ ಎಂಬ ಅನುಮಾನ ನಿಜವೇ. ಪಡುವಣ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತೆಯೂ ಇಲ್ಲ. ಅದಕ್ಕೇ ನಾನು ಒಣಸಿಗಡಿಯನ್ನು ಹಿಡಿದು ಮಾತಾಡುತ್ತಿರುವುದು. ಬರ್ಫ ಬೇಡ, ತಿಂಗಳುಗಟ್ಟಲೆ ಇರುತ್ತದೆ, ಸಂತೆಯಲ್ಲಿ ಕೊಂಡು ಮಳೆಗಾಲಕ್ಕೆ ಎತ್ತಿಡುವ ರೂಢಿ ಮೊದಲಿನಿಂದ ಇದೆ. ಬೊಂಡಾಸಿನ ಆಸೆ ಬಿಟ್ಟರಾಯಿತು.

ಇದಕ್ಕಿಂತ ಗಟ್ಟಿಯಾದ ತಕರಾರು ವಾಸನೆಯದು. ಚಹಾದಂಗಡಿಯ ಬೆಂಚಿನ ಮೇಲೆ ಮೀನು ತಿನ್ನುವವರೂ ಅದರ ವಾಸನೆ ಸಹಿಸದವರೂ ಒಟ್ಟಿಗೆ ಕೂರುತ್ತಾರೆ. ಎರಡನೆಯವರ ಮಾತನ್ನು ಸಣ್ಣತನ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಅವರಿಗೂ ಆ ಬೆಂಚು ಅಷ್ಟೇ ಸೇರಿದ್ದು. ಆದರೆ ಇದಕ್ಕೆ ದಾರಿಯಿದೆ. ಸಿಂಗಪುರದಲ್ಲಿ ಅಂಗಡಿಯ ಯಜಮಾನ ಚಹಾ, ಕಾಫಿ ಮಾರುತ್ತಾನೆ, ತಿನಿಸಿನ ಕಟ್ಟೆಗಳನ್ನು ಬೇರೆಯವರಿಗೆ ಬಾಡಿಗೆಗೆ ಕೊಡುತ್ತಾನೆ. ಅಲ್ಲಿನ ಹಾಕರ್ ಕೇಂದ್ರಗಳಲ್ಲಿ ಹಲಾಲ್ ಊಟದ ತಟ್ಟೆಗಳನ್ನು ಹಿಂದಿರುಗಿಸಲು ಬೇರೆ ಜಾಗವೇ ಇರುತ್ತದೆ. ಪಾತ್ರೆ ಬೇರೆ, ಕೂಡುವ ಜಾಗ ಒಂದೇ. ಆ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ನಮಗೂ ಇದು ಹೊಸದಲ್ಲ: ಹುಬ್ಬಳ್ಳಿ-ಧಾರವಾಡಗಳಲ್ಲಿ ಲಿಂಗಾಯತ ಖಾನಾವಳಿ, ಸಾವಜಿ ಖಾನಾವಳಿಗಳು ತಂತಮ್ಮ ಬೋರ್ಡು ಹಾಕಿಕೊಂಡು ಒಂದೇ ಪೇಟೆಯಲ್ಲಿ ಬಾಳಿವೆ. ಸಿಗಡಿ ಬಾಣಲೆಗೆ ಬೇರೆ ಗಾಡಿ, ಬೇರೆ ಸೌಟು, ಬೇರೆ ತಾಟು ಇರಲಿ. ಗಾಡಿ ಚಹಾದಂಗಡಿಯಿಂದ ಹತ್ತು ಹೆಜ್ಜೆ ಆಚೆಗೆ, ಗಾಳಿ ಬೆಂಚಿನ ಕಡೆ ಬೀಸದ ಮಗ್ಗುಲಿಗೆ ನಿಲ್ಲಲಿ. ತಿನ್ನುವವರು ಅಷ್ಟು ನಡೆದು ಬಂದಾರು.

ಗಾಡಿಯ ನೂಡಲ್ಸು ಮೈದಾಹಿಟ್ಟಿನದು ಎಂಬ ದೂರನ್ನು ನಾನು ಪೂರ್ತಿ ಒಪ್ಪುತ್ತೇನೆ. ಜೋಳದ ರೊಟ್ಟಿ, ಪುಂಡಿಪಲ್ಯದ ಜಾಗವನ್ನು ಇದು ಕಸಿಯಬಾರದು. ವಾರಕ್ಕೊಮ್ಮೆ ಸಂಜೆಯ ತಿನಿಸಾಗಿದ್ದರೆ ಸಾಕು, ಮನೆಯ ಗೋದಿ ಶ್ಯಾವಿಗೆ ಬಳಸಿದರಂತೂ ಇನ್ನೂ ಚಲೋ. ಬಣ್ಣದ ವಿಷಯ ಬೇರೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಕೆಂಪಿಗಾಗಿ ರಾಸಾಯನಿಕದ ಮೊರೆ ಹೋಗುವ ಗತಿ ಈ ಜಿಲ್ಲೆಗೆ ಯಾಕೆ ಬರಬೇಕು? ಕುಂದಗೋಳ, ಅಣ್ಣಿಗೇರಿ ಕಡೆ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು; ಅದಕ್ಕೆ 2011ರಲ್ಲಿ ಭೌಗೋಳಿಕ ಗುರುತೂ ದೊರೆತಿದೆ. ನಾಲ್ಕು ಕಾಯಿ ನೆನೆಸಿ, ಬೆಳ್ಳುಳ್ಳಿ, ಹುಣಸಿಹಣ್ಣಿನ ಜೊತೆ ಅರೆದು ಬಾಣಲೆಗೆ ಹಾಕಿದರೆ ಕೆಂಪೂ ಬರುತ್ತದೆ, ಸಿಗಡಿಯ ಸಾರಿಗೆ ಜೋಡಿಯೂ ಆಗುತ್ತದೆ. ಸಿಂಗಪುರದವರ ಸಾಂಬಾಲಿಗೆ ಇದಕ್ಕಿಂತ ಹತ್ತಿರದ ಬಂಧು ಬೇಕಿಲ್ಲ. ಮೇಲೆ ಅರ್ಧ ಲಿಂಬಿಹಣ್ಣು ಹಿಂಡಿ, ಉಳ್ಳಾಗಡ್ಡಿ, ಕೊತಂಬರಿ ಉದುರಿಸಿ ಕೊಡಲಿ. ಜೂನಿನಲ್ಲಿ, ಕಡಲಿನ ದೋಣಿಗಳು ದಡದಲ್ಲಿದ್ದು ಅಳ್ನಾವರಕ್ಕೆ ಮಲೆನಾಡಿನ ಮಳೆ ಹಿಡಿದುಕೊಳ್ಳುವ ಹೊತ್ತಿಗೆ, ಯಾರಾದರೊಬ್ಬ ಗಾಡಿಯವರು ಇದನ್ನು ಶುರುಮಾಡಬಹುದು. ಒಣಸಿಗಡಿಗೆ ಅದೇ ಸರಿಯಾದ ಕಾಲ.