ನಿದಾನವೂ ನಿಧಾನವೂ

ವೈದ್ಯಶಾಸ್ತ್ರದಲ್ಲಿ ರೋಗದ ಮೂಲಕಾರಣವನ್ನು ಗೊತ್ತುಮಾಡುವುದಕ್ಕೆ ನಿದಾನವೆಂದು ಹೆಸರು. ಕನ್ನಡದ ರೂಢಿಯಲ್ಲಿ ಅವಸರಪಡದಿರುವುದಕ್ಕೆ ನಿಧಾನವೆನ್ನುತ್ತೇವೆ. ಬರವಣಿಗೆಯಲ್ಲಿ ಇವೆರಡಕ್ಕೂ ಇರುವ ಅಂತರವು ಒಂದು ಮಹಾಪ್ರಾಣದಷ್ಟೇ. ಶಾಲೆಯಲ್ಲಿದ್ದಷ್ಟು ಕಾಲವೂ ಈ ಅಂತರವನ್ನು ಮಕ್ಕಳಿಗೆ ಕೆಂಪು ಶಾಯಿಯಿಂದ ತೋರಿಸುತ್ತಿದ್ದ ನಮಗೆ, ಇವೆರಡೂ ಜೊತೆಯಾಗಿಯೇ ನಡೆಯತಕ್ಕವೆಂಬುದನ್ನು ತೋರಿಸಿಕೊಟ್ಟದ್ದು ಒಂದು ಯಂತ್ರ.

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಕಡೆಯಲ್ಲಿ ನಮ್ಮ ಮನೆತನದ ಹೊಲವಿರುವುದು. ತೊಗರಿಯೇ ಮುಖ್ಯವಾದ ಬೆಳೆ. ಕಾಡುಹಂದಿಗಳ ಉಪದ್ರವವು ಹೆಚ್ಚಿದುದರಿಂದ, ಮೃಗಶಿರೆಯ ಮಳೆಗೆ ಮುಂಚೆಯೇ ತಂತಿಬೇಲಿ ಹಾಕಿಸಬೇಕೆಂದು ನಮ್ಮ ತಮ್ಮನ ಮಗನು ನಿಶ್ಚಯಿಸಿ, ಕಂಬಗಳಿಗೆ ಕುಣಿ ತೋಡುವ ಪೆಟ್ರೋಲಿನ ಯಂತ್ರವೊಂದನ್ನು ಕೊಂಡು ತಂದನು. ನಮ್ಮ ಕೆಂಪು ಜಂಬಿಟ್ಟಿಗೆಯ ನೆಲವು ಗಾಳಿಬಿಸಿಲು ತಾಗಿದಷ್ಟೂ ಗಟ್ಟಿಯಾಗುವಂಥದು. ಹಾರೆ ಹಿಡಿದು ಎರಡಡಿ ಇಳಿಯುವಷ್ಟರಲ್ಲಿ ಆಳು ಸೋತುಹೋಗುವನು. ಆದುದರಿಂದ ಯಂತ್ರವು ಬಂದುದು ಸಂತೋಷವೇ ಆಯಿತು.

ಮೂರು ದಿನ ಚೆನ್ನಾಗಿ ನಡೆದ ಯಂತ್ರವು ನಾಲ್ಕನೆಯ ದಿನ ಮೊಂಡುಬಿದ್ದಿತು. ಹಗ್ಗ ಎಳೆದೊಡನೆ ಹೊತ್ತಿಕೊಳ್ಳುವುದು. ಎರಡು ಕುಣಿ ತೋಡುವುದು. ಆಮೇಲೆ ಉಸಿರುಗಟ್ಟಿದಂತೆ ಗುಟುಕರಿಸಿ ನಿಂತುಬಿಡುವುದು. ಅರ್ಧ ತಾಸು ಬಿಟ್ಟರೆ ಮರಳಿ ಅದೇ ಆಟ. ಯಂತ್ರವನ್ನು ನಡೆಸುತ್ತಿದ್ದವನು ಹದಿನೆಂಟು ಹತ್ತೊಂಬತ್ತರ ಕೂಲಿಯ ಹುಡುಗ. ತಮ್ಮನ ಮಗನು ಕೋಪದಿಂದ, “ದೊಡ್ಡಪ್ಪ, ಇವನೇ ಎಣ್ಣಿ ತಪ್ಪಿ ಹಾಕ್ಯಾನ, ಮಿಷಿನ್ ಹಾಳ ಮಾಡ್ಯಾನ. ನಾಕು ದಿನದ ಕೂಲಿ ಕೊಡಂಗಿಲ್ಲ” ಎಂದನು. ಹುಡುಗನು ತಲೆ ತಗ್ಗಿಸಿ, “ಇಲ್ರಿ ಮಾಸ್ತರ್, ಅಳತಿ ನೋಡೇ ಹಾಕೀನ್ರಿ” ಎಂದಷ್ಟೇ ನುಡಿದನು. ಶಾಲೆಗಳು ತೆರೆಯುವ ಕಾಲ. ಆ ಕೂಲಿಯಿಂದ ಅವನ ತಂಗಿಗೆ ಪುಸ್ತಕಗಳು ಬರಬೇಕಾಗಿದ್ದವು.

ನಮ್ಮ ಕಲ್ಯಾಣವು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ರಾಜಧಾನಿ. ಲಿಖಿತ, ಭುಕ್ತಿ, ಸಾಕ್ಷಿ ಎಂಬ ಪ್ರಮಾಣಗಳನ್ನು ವಿಚಾರಿಸದೆ ತೀರ್ಪು ಹೇಳತಕ್ಕದ್ದಲ್ಲವೆಂಬುದು ಆ ಶಾಸ್ತ್ರದ ಕ್ರಮ. ಅಂಥ ಊರಿನಲ್ಲಿ, ವಿಚಾರಣೆಯಿಲ್ಲದೆ ಒಬ್ಬ ಬಡವನ ಕೂಲಿಗೆ ಕತ್ತರಿ ಹಾಕುವುದು ನಮಗೆ ಸರಿಬೀಳಲಿಲ್ಲ. “ಮೊದಲು ಸಾಕ್ಷಿಯನ್ನು ಕೇಳೋಣ” ಎಂದೆವು.

ಮೊದಲನೆಯ ಸಾಕ್ಷಿಯು ಸ್ಪಾರ್ಕ್ ಪ್ಲಗ್. ಯಂತ್ರವು ತಣ್ಣಗಾದ ಮೇಲೆ ಅದನ್ನು ಬಿಚ್ಚಿಸಿ ನೋಡಿದೆವು. ಇಂತಹ ಎರಡು ಹೊಡೆತದ ಯಂತ್ರಗಳಲ್ಲಿ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ನಮ್ಮ ಯಂತ್ರದ ಕೈಪಿಡಿಯಲ್ಲಿ ಹೇಳಿದ್ದು ೨೫ಕ್ಕೆ ೧, ಎಂದರೆ ಲೀಟರಿಗೆ ೪೦ ಮಿಲಿಲೀಟರು. ಎಣ್ಣೆ ಅತಿಯಾದರೆ ಪ್ಲಗ್ಗಿನ ತುದಿ ಕಪ್ಪಾಗಿ ಜಿಡ್ಡುಗಟ್ಟುವುದು, ಹೊಗೆ ದಟ್ಟವಾಗುವುದು. ತೀರ ಕಡಿಮೆಯಾದರೆ ಒಳಗಿನ ಪಿಸ್ಟನ್ ಕಾದು ಹಿಡಿದುಕೊಂಡು, ಹಗ್ಗವೇ ಎಳೆಯಲು ಬಾರದಾಗುವುದು. ಇಲ್ಲಿಯಾದರೋ ತುದಿಯು ಒಣಗಿ, ಕಾಫಿಪುಡಿಯ ಬಣ್ಣದಲ್ಲಿದ್ದಿತು. ಹಗ್ಗವೂ ಸರಾಗವಾಗಿ ಬರುತ್ತಿದ್ದಿತು. ಬೆರೆಸಿದವನ ಕೈ ಶುದ್ಧವೆಂದು ಪ್ಲಗ್ಗೇ ನುಡಿಯಿತು.

ಎರಡನೆಯದು ಪೆಟ್ರೋಲು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ೨೦ರವರೆಗೂ ಎಥೆನಾಲ್ ಸೇರಿರುವುದು. ಅದು ತೇವವನ್ನು ಹೀರುವ ಗುಣವುಳ್ಳದ್ದು. ಹಲವು ತಿಂಗಳು ಡಬ್ಬಿಯಲ್ಲಿಟ್ಟ ಪೆಟ್ರೋಲಿನಿಂದ ಯಂತ್ರವು ಕುಂಟುವುದುಂಟು. ಆದರೆ ನಮ್ಮದು ಅದೇ ವಾರ ತಂದದ್ದು. ಮೂರನೆಯದು ಗಾಳಿಯ ಜಾಲರಿ. ಅದರಲ್ಲಿ ಕೆಂಪು ಧೂಳು ತುಂಬಿದ್ದಿತು. ತೊಳೆದು ಒಣಗಿಸಿ ಹಾಕಿಸಿದೆವು. ಯಂತ್ರದ ಧ್ವನಿ ತಿಳಿಯಾಯಿತು, ಆದರೆ ಎರಡು ಕುಣಿಗಳಾದ ಮೇಲೆ ಮತ್ತೆ ನಿಂತಿತು.

ಆಗ ನ್ಯಾಯಶಾಸ್ತ್ರದ ಅನ್ವಯವ್ಯತಿರೇಕಗಳು ನೆನಪಿಗೆ ಬಂದವು. ಯಾವುದು ಇದ್ದರೆ ದೋಷವಿರುವುದೋ, ಯಾವುದನ್ನು ತೆಗೆದರೆ ದೋಷವೂ ಹೋಗುವುದೋ, ಅದೇ ಕಾರಣ. ತಣ್ಣಗಿದ್ದಾಗ ನಡೆದು, ಕೆಲವು ನಿಮಿಷಗಳ ಮೇಲೆ ನಿಲ್ಲುವುದಾದರೆ ಎರಡು ಶಂಕೆಗಳಿಗೆ ಅವಕಾಶವುಂಟು. ಬಿಸಿಯಿಂದ ಕಾಯಿಲ್ ಸೋತು ಕಿಡಿ ನಿಂತಿರಬೇಕು. ಇಲ್ಲವೇ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ರಂಧ್ರವು ಮುಚ್ಚಿರಬೇಕು. ಪೆಟ್ರೋಲು ಕೆಳಗಿಳಿದಂತೆಲ್ಲ ಅದರ ಸ್ಥಳಕ್ಕೆ ಗಾಳಿ ಬಾರದಿದ್ದರೆ, ಒಳಗೆ ಸೆಳೆತವುಂಟಾಗಿ ಪೆಟ್ರೋಲು ಹರಿಯುವುದೇ ಇಲ್ಲ. ತೂತಿಲ್ಲದ ಡಬ್ಬಿಯಿಂದ ಎಣ್ಣೆ ಸುರಿಯುವ ಗೃಹಿಣಿಯರು ಇದನ್ನು ಬಲ್ಲರು.

ಮುಂದಿನ ಸಲ ಯಂತ್ರ ನಿಂತೊಡನೆ, ಯಾರೂ ಬೀಡಿ ಹಚ್ಚದಂತೆ ನೋಡಿಕೊಂಡು, ಸ್ವಲ್ಪ ಆರಗೊಟ್ಟು, ಮುಚ್ಚಳವನ್ನು ಮೆಲ್ಲಗೆ ಸಡಿಲಿಸಹೇಳಿದೆವು. ‘ಸುಯ್’ ಎಂದು ಗಾಳಿ ಒಳನುಗ್ಗಿತು. ಬಿಗಿಯಾಗಿ ಮುಚ್ಚಿ ಹಗ್ಗ ಎಳೆದರೆ ಯಂತ್ರವು ಆಗಲೇ ಹೊತ್ತಿಕೊಂಡಿತು. ಅರ್ಧ ತಾಸು ಕಾಯಬೇಕಾಗಲಿಲ್ಲ. ಬಿಸಿ ಇನ್ನೂ ಇರುವಾಗಲೇ ಹೊತ್ತಿದುದರಿಂದ ಕಾಯಿಲ್ಲಿನ ಶಂಕೆಯೂ ತೀರಿತು. ಮುಚ್ಚಳದ ರಂಧ್ರದಲ್ಲಿ ನಮ್ಮ ಹೊಲದ ಮಣ್ಣೇ ಪೆಟ್ರೋಲಿನೊಡನೆ ಕಲೆತು ಮೆತ್ತಿಕೊಂಡಿದ್ದಿತು. ಒಳಗೆ ಸೂಕ್ಷ್ಮವಾದ ರಬ್ಬರಿನ ಕವಾಟವಿರುವುದರಿಂದ ಸೂಜಿ ಚುಚ್ಚಿಸದೆ, ಪೆಟ್ರೋಲಿನಿಂದ ತೊಳೆಸಿ ಊದಿಸಿದೆವು. ಸಂಜೆಯವರೆಗೂ ಯಂತ್ರವು ನಿಲ್ಲಲಿಲ್ಲ.

ಯಂತ್ರವನ್ನು ನಡೆಸುವವರಿಗೆ ಇನ್ನೆರಡು ಮಾತು. ಹೊರೆ ಬಿದ್ದಾಗ ಮಾತ್ರ ನಿಲ್ಲುತ್ತಿದ್ದರೆ ಮೇಲಿನಿಂದ ಒತ್ತುವುದನ್ನು ಬಿಟ್ಟು, ಗೇಣಿಗೊಮ್ಮೆ ತಿರುಪನ್ನೆತ್ತಿ ಮಣ್ಣು ಚೆಲ್ಲಬೇಕು. ತಿರುಪು ಕಲ್ಲಿಗೆ ಸಿಕ್ಕಿಬಿದ್ದರೆ ಯಂತ್ರವನ್ನು ನಿಲ್ಲಿಸಿ, ಪ್ಲಗ್ಗಿನ ತಂತಿಯನ್ನು ಕಿತ್ತ ಬಳಿಕವೇ ಹಿಂದಕ್ಕೆ ತಿರುಗಿಸತಕ್ಕದ್ದು.

ತಮ್ಮನ ಮಗನು ಅಂದೇ ನಾಲ್ಕು ದಿನದ ಕೂಲಿಯನ್ನು ಎಣಿಸಿ ಹುಡುಗನ ಕೈಯಲ್ಲಿಟ್ಟನು, ಮಾತೇನೂ ಆಡಲಿಲ್ಲ. ಮರುದಿನದಿಂದ ಹುಡುಗನು ಮುಚ್ಚಳ ತೆರೆಯುವ ಮುನ್ನ ಹೆಗಲ ಮೇಲಿನ ವಸ್ತ್ರದಿಂದ ಅದನ್ನು ಒರೆಸುವ ರೂಢಿ ಮಾಡಿಕೊಂಡನು.

ಗೃಹಸ್ಥರ ಮನೆಗಳಲ್ಲಿ ಈಗ ಯಂತ್ರಗಳು ಬಹಳ. ಅವು ಕೆಟ್ಟಾಗ ಮೊದಲು ಬೈಸಿಕೊಳ್ಳುವವರು ಅವುಗಳನ್ನು ಮುಟ್ಟಿದ ಆಳುಗಳು, ಸೊಸೆಯರು, ಮಕ್ಕಳು. ಯಂತ್ರಕ್ಕೆ ಬಾಯಿಲ್ಲದಿದ್ದರೂ ಸಾಕ್ಷಿ ಹೇಳಲು ಬರುತ್ತದೆ. ಮನುಷ್ಯನಿಗೆ ಬಾಯಿದ್ದರೂ ಅನೇಕ ವೇಳೆ ಹೇಳಲು ಧೈರ್ಯ ಬರುವುದಿಲ್ಲ. ಆದುದರಿಂದ ಯಜಮಾನರಾದವರು ಯಂತ್ರದ ಮಾತನ್ನು ಮೊದಲು ಕೇಳತಕ್ಕದ್ದು.