ಹರಿಗೋಲಿನ ತಳ

1
ತಿಂಥಣಿಯಲ್ಲಿ ಕೃಷ್ಣೆಯ ದಂಡೆಯ ಮೇಲೆ ಹರಿಗೋಲು ಬೋರಲು ಬಿದ್ದಿತ್ತು. ಒಳಗೆ ಬಿದಿರಿನ ಹೆಣಿಗೆ. ಹೊರಗೆ ಗೊಬ್ಬರದ ಚೀಲದ ಹೊದಿಕೆ, ಅದರ ಮೇಲೆ ಡಾಂಬರು. ಡಾಂಬರು ಸವೆದ ಕಡೆ ‘ಯೂರಿಯಾ’ ಎಂದು ಓದಬಹುದು.

2
1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಇಂಥದ್ದೇ ದೋಣಿ ನೋಡಿದ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಕೂರುತ್ತಾರೆ, ಕುದುರೆ ಎತ್ತುಗಳೂ ದಾಟುತ್ತವೆ ಎಂದು ಬರೆದಿಟ್ಟ.
ತೊಗಲು ಹೋಗಿ ಚೀಲ ಬಂದಿದೆ.

3
ಸ್ಕಾಟ್ಲೆಂಡಿನ ಸ್ಪೇ ನದಿಯಲ್ಲೂ ತೊಗಲು ಹೊದಿಸಿದ ಬುಟ್ಟಿದೋಣಿ ಇತ್ತು. ಹೆಸರು ಕರಖ್. ಕಾಡಿನ ದಿಮ್ಮಿಗಳನ್ನು ಸಮುದ್ರದಂಡೆಗೆ ತೇಲಿಸಿ ತರುವವರು ಅದರಲ್ಲಿ ಕೂರುತ್ತಿದ್ದರು. ಅಂಥದ್ದೊಂದು ಎಲ್ಗಿನ್ ಊರಿನ ಮ್ಯೂಸಿಯಂನಲ್ಲಿದೆ. ಅದೇ ನಾಡಿನ ಕಡಲೂರು ಆನ್‌ಸ್ಟ್ರದರ್‌ನಲ್ಲಿ 1969ರಿಂದ ಮೀನುಗಾರಿಕೆಯದೇ ಒಂದು ಮ್ಯೂಸಿಯಂ. ಅವರು ಕಾಪಾಡಿದ ‘ರೀಪರ್’ ದೋಣಿ 1902ರದು.
ಕೃಷ್ಣೆಯಲ್ಲಿ 1902ರ ಹರಿಗೋಲು ಸಿಗುವುದಿಲ್ಲ. ಬಿದಿರು ಕೊಳೆಯುತ್ತದೆ, ಹೊಸದು ಹೆಣೆಯುತ್ತಾರೆ.

4
ತಿಂಥಣಿಗೆ ಹತ್ತಿರದ ಸುರಪುರದಲ್ಲಿ ನೋಡುವಂಥದ್ದು ಏನಿದೆ ಎಂದರೆ ಗುಡ್ಡದ ಮೇಲಿನ ಟೇಲರ್ ಮಂಜಿಲ್ ತೋರಿಸುತ್ತಾರೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಇಲ್ಲಿದ್ದ. ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಕಲ್ಲುಸಾಲುಗಳ ಬಗ್ಗೆಯೂ ಬರೆದ. ಆ ಕಲ್ಲುಗಳಿಗೆ ಪುರಾತತ್ವ ಇಲಾಖೆಯ ರಕ್ಷಣೆ ಇದೆ, ಹರಿಗೋಲಿಗಿಲ್ಲ.

5
ಅಂಬಿಗ, ಕಬ್ಬಲಿಗ, ಕೋಲಿ, ಬೆಸ್ತ, ಗಂಗಾಮತಸ್ಥ, ಬೋಯಿ. ಹರಿಗೋಲು ನಡೆಸಿದವರು, ಮೀನು ಹಿಡಿದವರು, ಪಲ್ಲಕ್ಕಿ ಹೊತ್ತವರು. ಯಾದಗಿರಿ ಕಡೆ ಹೊಳೆಯೇ ಇಲ್ಲದ ಊರುಗಳಲ್ಲೂ ಕಬ್ಬಲಿಗರ ಓಣಿಗಳಿವೆ. ಜನವರಿ 21ಕ್ಕೆ ವಚನಕಾರ ಅಂಬಿಗರ ಚೌಡಯ್ಯನ ಜಯಂತಿ.

6
ಸಂತೆಯಲ್ಲಿ ಕಾಟ್ಲಾ, ರೋಹು, ಮೃಗಾಲ್. ಮೂರೂ ಮೂಲದಲ್ಲಿ ಗಂಗಾ ಬಯಲಿನ ಮೀನುಗಳು. ಮರಿ ತಂದು ಇಲ್ಲಿನ ನೀರಿಗೆ ಬಿಟ್ಟರು.
ಹಿಡಿಯುವವರ ದೇವತೆ ಗಂಗಾಮಾತೆ.

7
ಕೃಷ್ಣೆಗೆ ಕಟ್ಟಿದ ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರದು. ಗೇಟು ಎತ್ತುವಾಗ ದಂಡೆಯ ಊರುಗಳಲ್ಲಿ ಡಂಗುರ ಸಾರುತ್ತಾರೆ: ಯಾರೂ ಹೊಳೆಗೆ ಇಳಿಯಬಾರದು. ಹರಿಗೋಲು ಮೇಲಕ್ಕೆ ಬರುತ್ತದೆ, ಬಲೆ ಗೂಟಕ್ಕೆ. ಮಳೆ ಸುರಿದಿರುವುದು ಮಹಾರಾಷ್ಟ್ರದಲ್ಲಿ. ಇಲ್ಲಿ ಒಮ್ಮೊಮ್ಮೆ ಬಿಸಿಲೇ ಇರುತ್ತದೆ. 2019ರ ಆಗಸ್ಟ್‌ನಲ್ಲಿ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೀಗೆ ಬಂತು.

8
ನೀಲಕಂಠರಾಯನಗಡ್ಡಿ, ಕೃಷ್ಣೆಯ ನಡುಗಡ್ಡೆಯ ಊರು. 2014ರಲ್ಲಿ ಹೊಳೆ ತುಂಬಿದಾಗ ತುಂಬು ಗರ್ಭಿಣಿಯೊಬ್ಬಳು ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜಿ ದಡ ಸೇರಿದಳು. ಜೊತೆಗೆ ಮನೆಯವರೂ ಈಜಿದರು.
ಸೋರೆಬುರುಡೆ ಹರಿಗೋಲಿಗಿಂತ ಹಳೆಯದಿರಬೇಕು.

9
ಸುರಪುರ, ಶಹಾಪುರದ ಕಾಲೇಜು ಹುಡುಗ ಹುಡುಗಿಯರಿಗೆ ಒಂದು ಮಾತು. ಹರಿಗೋಲು ಹೆಣೆಯುವ ಹಿರಿಯರು ದಂಡೆಯ ಊರುಗಳಲ್ಲಿದ್ದಾರೆ. ಒಂದಕ್ಕೆ ಎಷ್ಟು ಬಿದಿರು ಬೇಕು, ಮೊದಲ ಸೀಳು ಎಲ್ಲಿ ಇಡುತ್ತಾರೆ, ಡಾಂಬರು ಎಷ್ಟು ಹೊತ್ತು ಕಾಯಬೇಕು, ತೊಗಲು ಹೊದಿಸಿದ್ದು ಅವರ ಮನೆಯಲ್ಲಿ ಯಾರಿಗಾದರೂ ನೆನಪಿದೆಯೇ: ಕೇಳಿ ಬರೆದಿಡಿ.